ಭಾವಚಿತ್ರ ಸ್ಪರ್ಧೆಗೆ ಪೇಂಟಿಂಗ್ ಕಳಿಸುವುದು: ಎಂಟ್ರಿ ಫೀ ಬಿಟ್ಟು ಇನ್ನೇನು ಖರ್ಚು ಬರುತ್ತದೆ?

ತೈಲವರ್ಣ_ಮೈಸೂರು

ಎಣ್ಣೆಬಣ್ಣದಲ್ಲಿ ಭಾವಚಿತ್ರ ಬರೆಯುತ್ತೇನೆ. ದೇವರಾಜ ಮಾರ್ಕೆಟ್‌ನಲ್ಲಿ ವೀಳ್ಯದೆಲೆ ಮಾರುವ ಹಿರಿಯರೊಬ್ಬರದು ಈಗಷ್ಟೇ ಮುಗಿಯಿತು, 90×70 ಸೆಂ.ಮೀ. ಕ್ಯಾನ್ವಾಸ್. ಮುಖ ಪೂರ್ತಿ ಅವರನ್ನು ಎದುರಿಗೆ ಕೂರಿಸಿಕೊಂಡೇ ಬರೆದದ್ದು. ಕೈ ಮತ್ತು ಎಲೆಯ ಕಟ್ಟು ಮಾತ್ರ ಫೋಟೋ ನೋಡಿಕೊಂಡು ಮಾಡಿದೆ, ಯಾಕಂದ್ರೆ ವ್ಯಾಪಾರದ ಹೊತ್ತಿನಲ್ಲಿ ಅವರ ಕೈ ಒಂದು ಕ್ಷಣ ನಿಲ್ಲುವುದಿಲ್ಲ.

ಇದನ್ನು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸ್ಪರ್ಧೆಗೆ ಹಾಕಬೇಕು ಅಂತ ಆಸೆ. ಮೊದಲು ತೈಲ ಕಂಪನಿ ಬಿಪಿಯ ಹೆಸರಿನಲ್ಲಿ ಬಿಪಿ ಪೋರ್ಟ್ರೇಟ್ ಅವಾರ್ಡ್ ಅಂತ ಇತ್ತಲ್ಲ, ಅದೇ. ಭಾರತದಲ್ಲಿ ಇರುವವರು ಹಾಕಬಹುದಾ? ಫೀ ಒಂದೇ ಖರ್ಚಾ, ಬೇರೆ ಏನಾದ್ರೂ ಇದೆಯಾ? ಫೋಟೋ ನೋಡಿ ಬರೆದ ಭಾಗ ಇದ್ದರೆ ತೊಂದರೆಯಾ?

ಇನ್ನೊಂದು ವಿಷಯ. ಒಂದು ಆನ್‌ಲೈನ್ ಸ್ಪರ್ಧೆಯಿಂದ ‘ನೀವು ಫೈನಲಿಸ್ಟ್’ ಅಂತ ಮೇಲ್ ಬಂದಿದೆ. ಸರ್ಟಿಫಿಕೇಟಿಗೂ ಕ್ಯಾಟಲಾಗ್‌ನಲ್ಲಿ ಒಂದು ಪುಟಕ್ಕೂ ಬೇರೆ ದುಡ್ಡು ಕೇಳುತ್ತಿದ್ದಾರೆ. ಇದು ಮಾಮೂಲಾ?

ಲಂಡನ್_ಬ್ರಷ್

ಖಂಡಿತ ಹಾಕಬಹುದು. 18 ತುಂಬಿದ ಯಾರು ಬೇಕಾದರೂ, ಯಾವ ದೇಶದಿಂದ ಬೇಕಾದರೂ. ಬಿಪಿ ಜೊತೆಗಿನ ಒಪ್ಪಂದ ಮುಗಿದ ಮೇಲೆ 2024ರಲ್ಲಿ ಅದು ಹರ್ಬರ್ಟ್ ಸ್ಮಿತ್ ಫ್ರೀಹಿಲ್ಸ್ ಅನ್ನುವ ಲಾ ಕಂಪನಿಯ ಹೆಸರಿನಲ್ಲಿ ಮತ್ತೆ ಶುರುವಾಯಿತು. ಮೊದಲ ಬಹುಮಾನ 35,000 ಪೌಂಡ್.

ಈಗ ಖರ್ಚಿಗೆ ಬರೋಣ. ಫೀ 40 ಪೌಂಡ್ ಆಸುಪಾಸು ಅಂತ ಇಟ್ಟುಕೊಳ್ಳಿ, ಅಂದರೆ ನಾಲ್ಕೂವರೆ ಸಾವಿರ ರೂಪಾಯಿ ಹತ್ತಿರ. ಇದರ ಮೇಲೆ ಕಾರ್ಡಿನ ವಿದೇಶಿ ವಹಿವಾಟಿನ ಚಾರ್ಜ್ ಬೀಳುತ್ತದೆ. ಆಯ್ಕೆ ಆಗದಿದ್ದರೆ ಫೀ ವಾಪಸ್ ಬರುವುದಿಲ್ಲ, ಇದು ಹೆಚ್ಚಿನ ಸ್ಪರ್ಧೆಗಳಲ್ಲೂ ಹಾಗೇ.

ಆದರೆ ಫೀ ಇಲ್ಲಿ ಚಿಕ್ಕ ಖರ್ಚು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮೊದಲ ಸುತ್ತು ಬರೀ ಫೋಟೋ ನೋಡಿ ಆಗುತ್ತದೆ. ಅದರಲ್ಲಿ ಪಾಸಾದರೆ ಒರಿಜಿನಲ್ ಪೇಂಟಿಂಗನ್ನೇ ಲಂಡನ್ನಿಗೆ ಕಳಿಸಿ ಅನ್ನುತ್ತಾರೆ, ಹೋಗುವ ಬರುವ ಎರಡೂ ಸಾಗಣೆ ನಮ್ಮ ಜೇಬಿನಿಂದ, ಮತ್ತೆ ಅಲ್ಲಿ ಜ್ಯೂರಿ ಚಿತ್ರವನ್ನು ಕಣ್ಣಾರೆ ನೋಡಿ ಇನ್ನೊಮ್ಮೆ ಸೋಸುತ್ತಾರೆ. ಅಂದರೆ ಅಷ್ಟು ದೂರ ಕಳಿಸಿಯೂ ಗೋಡೆಗೆ ಏರದೆ ವಾಪಸ್ ಬರುವ ಚಿತ್ರಗಳೇ ಜಾಸ್ತಿ. 2019ರಲ್ಲಿ 2,538 ಎಂಟ್ರಿ ಬಂದಿದ್ದವು, ಪ್ರದರ್ಶನಕ್ಕೆ ಹೋದದ್ದು 44. ಹೆದರಿಸಲು ಹೇಳುತ್ತಿಲ್ಲ. ಫೀ ಕಟ್ಟುವ ಮೊದಲೇ ‘ಎರಡನೇ ಸುತ್ತಿಗೆ ಕರೆದರೆ ಕಳಿಸುವ ದುಡ್ಡು ನನ್ನ ಹತ್ತಿರ ಇದೆಯಾ’ ಅಂತ ಕೂತು ಲೆಕ್ಕ ಹಾಕಿ. ಕರೆ ಬಂದ ಮೇಲೆ ಸಿಗುವ ದಿನಗಳು ತುಂಬಾ ಕಡಿಮೆ, ಆಗ ಕೇಳಿದಷ್ಟು ಕೊಡಬೇಕಾಗುತ್ತದೆ.

ಮೊದಲ ಸುತ್ತು ಫೋಟೋ ಮೇಲೆ ನಿಂತಿರುವುದರಿಂದ ಅದಕ್ಕೆ ಸಮಯ ಕೊಡಿ. ಬಿಸಿಲು ನೇರ ಬೀಳದ ಜಾಗ, ಕ್ಯಾಮೆರಾ ಕ್ಯಾನ್ವಾಸಿಗೆ ಸಮಾನಾಂತರ, ಎಣ್ಣೆಬಣ್ಣದ ಹೊಳಪು ಕಾಣಬಾರದು. ಕಪ್ಪು ಭಾಗದಲ್ಲಿ ಬಿಳಿ ಮಿಂಚು ಕಂಡರೆ ನೀವು ಕಷ್ಟಪಟ್ಟು ತಂದ ನೆರಳೆಲ್ಲ ಹೋಯಿತು.

ಸಿಡ್ನಿ_ಕನ್ನಡತಿ

ಫೋಟೋ ನೋಡಿ ಬರೆಯುವ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿನ ಆರ್ಚಿಬಾಲ್ಡ್ ಪ್ರೈಜ್‌ನಲ್ಲಿ ಇದೇ ದೊಡ್ಡ ಜಗಳ ಆಗಿದೆ. 1921ರಿಂದ ನಡೆಯುತ್ತಿರುವ ಸ್ಪರ್ಧೆ, ಬಹುಮಾನ ಒಂದು ಲಕ್ಷ ಆಸ್ಟ್ರೇಲಿಯನ್ ಡಾಲರ್. ನೀವು ಹಾಕಲು ಆಗುವುದಿಲ್ಲ, ಹಿಂದಿನ 12 ತಿಂಗಳು ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್‌ನಲ್ಲಿ ವಾಸವಿರಬೇಕು. ಚಿತ್ರಕ್ಕೆ ಕೂತವರು ಕಲಾವಿದರ ಎದುರು ಒಮ್ಮೆಯಾದರೂ ಖುದ್ದಾಗಿ ಕೂತಿರಬೇಕು ಅನ್ನುವುದು ಗಟ್ಟಿ ನಿಯಮ. 1975ರಲ್ಲಿ ಜಾನ್ ಬ್ಲೂಮ್‌ಫೀಲ್ಡ್ ಗೆದ್ದರು, ಆಮೇಲೆ ಚಿತ್ರ ಫೋಟೋದಿಂದ ಬರೆದದ್ದು ಅಂತ ಗೊತ್ತಾಗಿ ಬಹುಮಾನ ವಾಪಸ್ ಪಡೆದು ಕೆವಿನ್ ಕಾನರ್‌ಗೆ ಕೊಟ್ಟರು. 2004ರಲ್ಲಿ ಕ್ರೇಗ್ ರಡ್ಡಿ ಗೆದ್ದಾಗ ಅದರಲ್ಲಿ ಇದ್ದಿಲು ಜಾಸ್ತಿ ಇದೆ, ಅದು ಡ್ರಾಯಿಂಗ್, ಪೇಂಟಿಂಗ್ ಅಲ್ಲ ಅಂತ ಕೇಸೇ ಹಾಕಿದರು. ಕೇಸು ಬಿದ್ದುಹೋಯಿತು, ಆದರೆ ಎರಡು ವರ್ಷ ಎಳೆಯಿತು. ನಿಯಮದ ಒಂದು ಸಾಲು ಎಷ್ಟು ದೂರ ಹೋಗುತ್ತದೆ ನೋಡಿ.

ಲಂಡನ್ನಿನದ್ದರಲ್ಲೂ ಚಿತ್ರ ಜೀವಂತ ವ್ಯಕ್ತಿಯನ್ನು ಕೂರಿಸಿ ಅಥವಾ ನೋಡಿ ಮಾಡಿದ ಅಧ್ಯಯನದಿಂದ ಬಂದಿರಬೇಕು ಅನ್ನುವ ನಿಯಮ ಇಟ್ಟಿದ್ದಾರೆ. ನಿಮ್ಮದು ಹಾಗೇ ಬಂದಿದೆ, ಕೈಗೆ ಫೋಟೋ ಸಹಾಯ ತೆಗೆದುಕೊಂಡದ್ದು ದೊಡ್ಡ ವಿಷಯ ಅಲ್ಲ ಅಂತ ನನಗನ್ನಿಸುತ್ತದೆ. ಅವರು ಕೂತಾಗ ಮಾಡಿದ ಪೆನ್ಸಿಲ್ ಸ್ಕೆಚ್ ಇದ್ದರೆ ದಿನಾಂಕ ಬರೆದು ಇಟ್ಟುಕೊಳ್ಳಿ. ಇನ್ನೊಂದು, ಬಿಪಿ ಕಾಲದಲ್ಲಿ ಅಲ್ಲಿ ಜಲವರ್ಣ, ಪೇಸ್ಟಲ್, ಕಾಗದದ ಮೇಲಿನ ಕೆಲಸ ತೆಗೆದುಕೊಳ್ಳುತ್ತಿರಲಿಲ್ಲ. ಇಲ್ಲಿ ಜಲವರ್ಣದವರು ತುಂಬಾ ಜನ ಇದ್ದೀರಿ, ಮೊದಲು ಮೀಡಿಯಂ ನಿಯಮ ಓದಿ.

ಫ್ರೇಮು_ಪೆಟ್ಟಿಗೆ

ನಾನು ಬೆಂಗಳೂರಿನಲ್ಲಿ ಚಿತ್ರ ಪ್ಯಾಕ್ ಮಾಡುವ ಕೆಲಸ ಮಾಡುತ್ತೇನೆ. ಸಾಗಣೆ ಲೆಕ್ಕ ನಿಮ್ಮ ಅಳತೆಗೇ ಹಾಕಿ ತೋರಿಸುತ್ತೇನೆ.

90×70ರ ಕ್ಯಾನ್ವಾಸಿಗೆ ತೆಳು ಫ್ರೇಮು, ಸುತ್ತ ಫೋಮು ಸೇರಿದರೆ ಪೆಟ್ಟಿಗೆ 110×90×15 ಸೆಂ.ಮೀ. ಆಗುತ್ತದೆ. ತಕ್ಕಡಿಗೆ ಹಾಕಿದರೆ ಹತ್ತು ಕೆಜಿ ಇರಬಹುದು. ಆದರೆ ಕೊರಿಯರಿನವರು ಉದ್ದ, ಅಗಲ, ದಪ್ಪ ಗುಣಿಸಿ 5000ದಿಂದ ಭಾಗಿಸುತ್ತಾರೆ, 29.7 ಬರುತ್ತದೆ. ಬಿಲ್ಲು 30 ಕೆಜಿಗೆ. ದಪ್ಪವನ್ನು 15ರಿಂದ 12ಕ್ಕೆ ಇಳಿಸಿದರೆ 24 ಕೆಜಿಗೆ ಬಂದುಬಿಡುತ್ತದೆ, ಅದಕ್ಕೇ ಕೆತ್ತನೆಯ ದಪ್ಪ ಫ್ರೇಮು ಬೇಡ ಅಂತ ನಾನು ಎಲ್ಲರಿಗೂ ಜಗಳ ಆಡುವುದು. ಪೆಟ್ಟಿಗೆ ಪ್ಲೈವುಡ್‌ನದ್ದೇ ಇರಲಿ. ಹಸಿ ಮರದ್ದಾದರೆ ಹೀಟ್ ಟ್ರೀಟ್‌ಮೆಂಟ್ ಆಗಿದೆ ಅಂತ ತೋರಿಸುವ ಐಎಸ್‌ಪಿಎಂ 15 ಮುದ್ರೆ ಬೇಕು, ಇಲ್ಲದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ. ಬಬಲ್ ವ್ರ್ಯಾಪ್ ಬಣ್ಣಕ್ಕೆ ನೇರ ತಾಗಿಸಬೇಡಿ, ನಿಮ್ಮದು ಈಗಷ್ಟೇ ಮುಗಿದದ್ದು ಅಂತೀರಿ, ಗುಳ್ಳೆಗಳ ಅಚ್ಚು ಮುಖದ ಮೇಲೇ ಮೂಡುತ್ತದೆ.

ಕಸ್ಟಮ್ಸ್‌ಗೆ ಎರಡು ದಾರಿ. ಒಂದು ಎಟಿಎ ಕಾರ್ನೆ ಅನ್ನುವ ಕಸ್ಟಮ್ಸ್ ದಾಖಲೆ, ನಮ್ಮಲ್ಲಿ ಫಿಕ್ಕಿ ಅನ್ನುವ ವಾಣಿಜ್ಯೋದ್ಯಮ ಸಂಘಟನೆ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ, ಪ್ರದರ್ಶನಕ್ಕೆ ಹೋಗಿ ವಾಪಸ್ ಬರುವ ವಸ್ತುವಿಗೆ ಅಂತಲೇ ಇರುವುದು. ಆದರೆ ಭದ್ರತೆಗೆ ದುಡ್ಡು ಅಥವಾ ಬ್ಯಾಂಕ್ ಗ್ಯಾರಂಟಿ ಇಡಬೇಕು, ಮಾರಾಟಕ್ಕೆ ಇಟ್ಟ ಚಿತ್ರಕ್ಕೆ ಅದು ಸರಿಹೋಗುವುದಿಲ್ಲ. ಇನ್ನೊಂದು, ಮಾಮೂಲಿಯಾಗಿ ಕಳಿಸಿ ಬ್ರಿಟನ್ನಿನಲ್ಲಿ ಆಮದು ವ್ಯಾಟ್ ಕಟ್ಟುವುದು. ಒರಿಜಿನಲ್ ಕಲಾಕೃತಿಗೆ ಅದು ಶೇ 5. ಮಧ್ಯಮ ಬೆಲೆಯ ಒಂದೇ ಚಿತ್ರಕ್ಕೆ ಎರಡನೆಯದೇ ಅಗ್ಗ ಬೀಳುತ್ತದೆ ಅಂತ ನನ್ನ ಅನುಭವ. ಯಾವುದೇ ಆಗಲಿ, ಕಳಿಸುವ ಕಾಗದ ಜೋಪಾನ. ವಾಪಸ್ ಬರುವಾಗ ಇದು ನನ್ನದೇ, ಇಲ್ಲಿಂದಲೇ ಹೋದದ್ದು ಅಂತ ತೋರಿಸಲು ಅದೊಂದೇ ಆಧಾರ.

ಲಂಡನ್_ಬ್ರಷ್

ಆ ‘ಫೈನಲಿಸ್ಟ್’ ಮೇಲ್ ಬಗ್ಗೆ ಹೇಳುವುದು ಮರೆತೆ. ಕೊಡಬೇಡಿ. ಎಂಟ್ರಿ ಫೀ ತೆಗೆದುಕೊಳ್ಳುವುದು ತಪ್ಪಲ್ಲ, ಜ್ಯೂರಿ, ಗೋಡೆ, ವಿಮೆ ಎಲ್ಲಕ್ಕೂ ಖರ್ಚಿದೆ. ಗೆದ್ದ ಮೇಲೆ ದುಡ್ಡು ಕೇಳುವವರು ಮಾತ್ರ ಬೇರೆ ಜಾತಿ. ಜ್ಯೂರಿಯ ಹೆಸರು ಹಾಕಿದ್ದಾರಾ, ಹಿಂದಿನ ವರ್ಷ ಗೆದ್ದವರ ಚಿತ್ರ ಎಲ್ಲಿ ತೂಗುಹಾಕಿದ್ದರು, ಸೋತವರಿಗೂ ಉತ್ತರ ಬರುತ್ತದಾ, ಇಷ್ಟು ನೋಡಿ. ಎಲ್ಲರೂ ಫೈನಲಿಸ್ಟೇ ಆಗಿರುವ ಸ್ಪರ್ಧೆಯಲ್ಲಿ ಜ್ಯೂರಿ ಏನು ಮಾಡಿದ ಹಾಗಾಯಿತು?

ಮೊದಲು ಹತ್ತಿರದಲ್ಲೇ ಹಾಕಿ ನೋಡಿ ಅನ್ನುವುದು ನನ್ನ ಸಲಹೆ. ಬಾಂಬೆ ಆರ್ಟ್ ಸೊಸೈಟಿ 1888ರಿಂದ ಇದೆ. ಮುಂಬೈಗೆ ಮೈಸೂರಿನಿಂದ ರೈಲಿನಲ್ಲಿ ನೀವೇ ಹೊತ್ತುಕೊಂಡು ಹೋಗಬಹುದು, ಕಸ್ಟಮ್ಸ್ ಗೋಜೇ ಇಲ್ಲ. ಒರಿಜಿನಲ್ ಚಿತ್ರ ಬೇರೆಯವರ ಕಣ್ಣಿಗೆ ಗೋಡೆಯ ಮೇಲೆ ಹೇಗೆ ಕಾಣುತ್ತದೆ ಅನ್ನುವುದೂ ತಿಳಿಯುತ್ತದೆ.

ತೈಲವರ್ಣ_ಮೈಸೂರು

ತುಂಬಾ ಥ್ಯಾಂಕ್ಸ್. 24 ಕೆಜಿ ಲೆಕ್ಕದಲ್ಲಿ ಕೊರಿಯರಿನವರ ರೇಟ್ ಕೇಳಿ ಆಮೇಲೆ ಫೀ ಬಗ್ಗೆ ನಿರ್ಧರಿಸುತ್ತೇನೆ. ಕೊನೆಯದೊಂದು ಪ್ರಶ್ನೆ: ಚಿತ್ರದಲ್ಲಿರುವವರಿಂದ ಬರಹದಲ್ಲಿ ಒಪ್ಪಿಗೆ ಬೇಕಾ? ಬಾಯಲ್ಲಿ ಹೇಳಿದ್ದೇನೆ, ಅವರಿಗೂ ಖುಷಿಯೇ.

ಸಿಡ್ನಿ_ಕನ್ನಡತಿ

ತೆಗೆದುಕೊಳ್ಳಿ, ಕನ್ನಡದಲ್ಲೇ ಎರಡು ಸಾಲು ಸಾಕು: ಸ್ಪರ್ಧೆಗೆ ಕಳಿಸುತ್ತೇನೆ, ಗೆದ್ದರೆ ಪತ್ರಿಕೆಯಲ್ಲಿ, ಇಂಟರ್ನೆಟ್ಟಿನಲ್ಲಿ ನಿಮ್ಮ ಮುಖ ಬರುತ್ತದೆ ಅಂತ. ಅವರಿಗೆ ಓದಿ ಹೇಳಿ ಸಹಿ ಹಾಕಿಸಿ.

ಕಾಪಿರೈಟ್ ನಿಮ್ಮದೇ, ನೀವಾಗಿಯೇ ಬರೆದದ್ದಲ್ವಾ. ಆದರೆ ಯಾರಾದರೂ ದುಡ್ಡು ಕೊಟ್ಟು ಬರೆಸಿದ ಭಾವಚಿತ್ರವನ್ನು ಮುಂದೆ ಸ್ಪರ್ಧೆಗೆ ಹಾಕಬೇಕೆಂದರೆ ಹುಷಾರು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಹಾಗೆ ಬರೆಸಿದ ಭಾವಚಿತ್ರದ ಹಕ್ಕು ಬರೆಸಿದವರಿಗೇ ಹೋಗುತ್ತದೆ. ಹೆಚ್ಚಿನ ಸ್ಪರ್ಧೆಗಳ ಫಾರಂನಲ್ಲಿ ‘ಹಕ್ಕು ನನ್ನದು’ ಅಂತ ಟಿಕ್ ಹಾಕಬೇಕಾಗುತ್ತದೆ. ಹಾಗಾಗಿ ಆರ್ಡರ್ ತೆಗೆದುಕೊಳ್ಳುವ ದಿನವೇ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ.