ಬ್ಯಾಂಕಿಗೇ ಸಾಲ ಕೊಟ್ಟ ಶೆಟ್ರು

ದಾವಣಗೆರೆಯಲ್ಲಿ ಸಂಜೆ ಮಿರ್ಚಿ ಮಂಡಕ್ಕಿ ತಿನ್ನದವರು ಕಡಿಮೆ. ತಿನ್ನುತ್ತಾ ಬೇರೆಯವರ ದುಡ್ಡಿನ ವಿಚಾರ ಮಾತಾಡದವರು ಇನ್ನೂ ಕಡಿಮೆ. ನಮ್ಮ ಗುಂಪಿನಲ್ಲಿ ಸ್ಟೇಷನರಿ ಅಂಗಡಿ ಶೆಟ್ರು, ರಿಟೈರ್ ಆದ ಲೆಕ್ಕದ ಮೇಷ್ಟ್ರು, ಆಡಿಟರ್ ಆಫೀಸಿನ ಪದ್ಮಕ್ಕ, ಮೊಬೈಲ್ ರಿಪೇರಿ ಸೀನ ಇದ್ದಾರೆ. ನಾನು ಹೆಚ್ಚಾಗಿ ಮಂಡಕ್ಕಿ ತಿನ್ನುವವನು.

ಆ ಶುಕ್ರವಾರ ಶೆಟ್ರು ಎದೆ ಉಬ್ಬಿಸಿಕೊಂಡು ಬಂದರು.

"ಇವತ್ತಿಂದ ಬ್ಯಾಂಕು ನನ್ನ ಸಾಲಗಾರ ಕಣ್ರೀ."

ಆಗಿದ್ದಿಷ್ಟು. ಕ್ರೆಡಿಟ್ ಕಾರ್ಡ್ ಬಿಲ್ಲು 8,640 ರೂಪಾಯಿ ಬಂದಿತ್ತು. ಶೆಟ್ರು ವ್ಯಾಪಾರಸ್ಥರು, ಪೈಸೆ ಬಿಡುವವರಲ್ಲ. ಪಾಯಿಂಟ್ ಹಾಕಿ ಸೊನ್ನೆ ಒತ್ತಲು ಹೋದರು. ಪಾಯಿಂಟ್ ಬೀಳಲಿಲ್ಲ, ಸೊನ್ನೆ ಮಾತ್ರ ಬಿತ್ತು. 86,400 ಹೋಯಿತು. ಕಾರ್ಡಿನ ಆ್ಯಪ್‌ನಲ್ಲಿ ಕಟ್ಟಬೇಕಾದ ಮೊತ್ತ –77,760 ಎಂದು ತೋರಿಸಿತು. ಆ ಮೈನಸ್ ಗೆರೆಯನ್ನು ಶೆಟ್ರು ಧೂಳು ಅಂದುಕೊಂಡು ಹೆಬ್ಬೆರಳಲ್ಲಿ ಒರೆಸಿದರಂತೆ. ಹೋಗಲಿಲ್ಲ. ಪಂಚೆಯ ತುದಿಯಲ್ಲಿ ತಿಕ್ಕಿದರಂತೆ. ಆಗಲೂ ಹೋಗಲಿಲ್ಲ. ಆಮೇಲೆ ಸೀನನ ಅಂಗಡಿಗೆ ಹೋಗಿ, "ಸ್ಕ್ರೀನ್ ಗೀರು ಬಿದ್ದಿದೆ ನೋಡೋ" ಅಂದರು. ಸೀನ ನೋಡಿ, "ಗೀರು ಸ್ಕ್ರೀನಿಗೆ ಬಿದ್ದಿಲ್ಲ ಶೆಟ್ರೇ, ನಿಮ್ಮ ಅಕೌಂಟಿಗೆ ಬಿದ್ದಿದೆ" ಅಂದ.

ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಶೆಟ್ರಿಗೆ ಖುಷಿ!

"ಒಂದು ದಿನ ತಡ ಆದ್ರೆ ಎಷ್ಟು ಫೋನ್ ಮಾಡ್ತಾರೆ? ಈಗ ನನ್ನ ಸರದಿ. ದಿನಾ ಬೆಳಿಗ್ಗೆ ಮಾಡ್ತೀನಿ. 'ಸರ್, ನಿಮ್ಮ ಕಡೆಯಿಂದ ಬಾಕಿ ಇದೆ, ಯಾವಾಗ ಕಟ್ತೀರಾ?' ಬಡ್ಡಿನೂ ಅವರ ರೇಟಲ್ಲೇ. ತಿಂಗಳಿಗೆ ಮೂರೂವರೆ ಪರ್ಸೆಂಟ್."

"ಸೊನ್ನೆ ಪರ್ಸೆಂಟ್," ಅಂದರು ಪದ್ಮಕ್ಕ. "ಕಾರ್ಡಿನಲ್ಲಿ ಎಷ್ಟು ಜಾಸ್ತಿ ದುಡ್ಡು ಬಿದ್ದಿದ್ರೂ ಬಡ್ಡಿ ಬರಲ್ಲ. ಉಳಿತಾಯ ಖಾತೆಯಲ್ಲಿದ್ದಿದ್ರೆ ಚೂರುಪಾರಾದ್ರೂ ಬರ್ತಿತ್ತು."

"ಸಾಲ ಕೊಡೋವಾಗ ನೋಡ್ತಾರಲ್ಲ, ಆ ಸಿಬಿಲ್ ಸ್ಕೋರಾದ್ರೂ ಏರುತ್ತಲ್ವಾ?"

"ಜಾಸ್ತಿ ಕಟ್ಟಿದ್ದಕ್ಕೆ ಅಂತ ಏನೂ ಏರಲ್ಲ. ಟೈಮಿಗೆ ಸರಿಯಾಗಿ ಕಟ್ಟಿದ್ರೆ ಸಾಕು."

ಮೇಷ್ಟ್ರು ಅಷ್ಟರಲ್ಲಿ ಮನಸ್ಸಿನಲ್ಲೇ ಭಾಗಾಕಾರ ಮಾಡಿ ಮುಗಿಸಿದ್ದರು. "ಸುಮ್ನೆ ಬಿಡಿ ಶೆಟ್ರೇ. ತಿಂಗಳಿಗೆ ಇಷ್ಟೇ ಬಿಲ್ಲು ಬಂದ್ರೆ ಸರಿಯಾಗಿ ಒಂಬತ್ತು ತಿಂಗಳಿಗೆ ಮುಗಿಯುತ್ತೆ. ಶೇಷ ಸೊನ್ನೆ."

"ಒಂಬತ್ತು ತಿಂಗಳಲ್ಲಿ ಮಗುನೇ ಆಗುತ್ತಲ್ಲ ಮೇಷ್ಟ್ರೇ," ಅಂದ ಸೀನ. ಅವನದು ಬೇರೆ ಉಪಾಯ. ಕಾರ್ಡ್ ತೆಗೆದುಕೊಂಡು ಎಟಿಎಂಗೆ ಹೋಗಿ ಎಳೆದುಕೊಂಡು ಬರೋದು. ಸ್ವಂತ ದುಡ್ಡು ತಾನೇ?

ಪದ್ಮಕ್ಕ ಮೆಣಸಿನಕಾಯಿ ಕೆಳಗಿಟ್ಟರು. ಅವರು ಮೆಣಸಿನಕಾಯಿ ಕೆಳಗಿಟ್ಟರೆ ವಿಷಯ ಗಂಭೀರ ಎಂದರ್ಥ. "ಅದೊಂದು ಮಾತ್ರ ಮಾಡಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಕ್ಯಾಶ್ ತೆಗೆದ್ರೆ ಅದಕ್ಕೆ ಬೇರೆ ಶುಲ್ಕ. ಎಷ್ಟೋ ಬ್ಯಾಂಕುಗಳಲ್ಲಿ ಎರಡೂವರೆ ಪರ್ಸೆಂಟ್, ಮೇಲೆ ಜಿಎಸ್‌ಟಿ. ಜಾಸ್ತಿ ಕಟ್ಟಿದ ನಿಮ್ಮದೇ ದುಡ್ಡಾದ್ರೂ ಶುಲ್ಕ ಬೀಳಬಹುದು."

"ಅಂದ್ರೆ ಎರಡು ಸಾವಿರದ ಮುನ್ನೂರರ ಹತ್ತಿರ," ಅಂದರು ಮೇಷ್ಟ್ರು. ಕೇಳಿದವರಾರೂ ಇರಲಿಲ್ಲ.

ಇಷ್ಟಾದರೂ ಶೆಟ್ರು ಮಾತ್ರ ಸಾಹುಕಾರಿಕೆಯ ಅಮಲಿನಲ್ಲೇ ಇದ್ದರು. "ಇರಲಿ ಬಿಡಿ, ಬ್ಯಾಂಕು ಎಲ್ಲಿಗೆ ಓಡಿ ಹೋಗುತ್ತೆ" ಎಂದು ಎರಡನೇ ಪ್ಲೇಟ್ ಹೇಳಿದರು. ಆಗ ಪದ್ಮಕ್ಕ ಮೆಲ್ಲಗೆ ಕೇಳಿದರು, "ಶೆಟ್ರೇ, ಮನೆ ಸಾಲದ ಕಂತು ಯಾವ ಖಾತೆಯಿಂದ ಹೋಗೋದು?"

ಕಾರ್ಡಿಗೆ ದುಡ್ಡು ಹೋಗಿದ್ದ ಅದೇ ಖಾತೆ. ಕಂತು ಹೋಗುವುದು 10ನೇ ತಾರೀಕು. ಅವತ್ತು 7. ಖಾತೆಯಲ್ಲಿ ಉಳಿದಿದ್ದು ಸಾವಿರದ ಚಿಲ್ಲರೆ. ಶೆಟ್ರ ಮುಖ ನೋಡಬೇಕಿತ್ತು. ಒಂದು ಕೈಯಲ್ಲಿ ಬ್ಯಾಂಕಿಗೆ ಮುಕ್ಕಾಲು ಲಕ್ಷಕ್ಕೂ ಜಾಸ್ತಿ ಸಾಲ ಕೊಟ್ಟವರು, ಇನ್ನೊಂದು ಕೈಯಲ್ಲಿ ಅದೇ ಬ್ಯಾಂಕಿನ ಕಂತು ತಪ್ಪಿಸಿ ದಂಡ ಕಟ್ಟಬೇಕಾದವರು.

"ಫೋನ್ ಮಾಡಿ, ಈಗಲೇ," ಅಂದರು ಪದ್ಮಕ್ಕ. ಸ್ಪೀಕರ್ ಹಾಕಿದೆವು.

ಕನ್ನಡಕ್ಕಾಗಿ ಐದನ್ನು ಒತ್ತಿ ಅಂದಿತು. ಶೆಟ್ರು ಐದನ್ನು ಒತ್ತಿದರು. ಸ್ವಲ್ಪ ಹೊತ್ತು ವೀಣೆ ಬಾರಿಸಿ, ಒಬ್ಬರು ಹಿಂದಿಯಲ್ಲಿ ನಮಸ್ಕಾರ ಹೇಳಿದರು. ಶೆಟ್ರ ಹಿಂದಿ ಸೂರತ್ತಿನ ಪೆನ್ನಿನ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಕಲಿತದ್ದು. ಹಾಗಾಗಿ ವಿಷಯ ಹೇಳುವ ಬದಲು ರೇಟು ಇಳಿಸತೊಡಗಿದರು. ಕೊನೆಗೆ ಕನ್ನಡದ ಹುಡುಗಿ ಬಂದಳು. ಪಾಪ, ವಿನಯದಿಂದಲೇ, "ಸರ್, ಅಮೌಂಟ್ ಕಾರ್ಡಲ್ಲೇ ಇರಲಿ, ಮುಂದಿನ ಬಿಲ್ಲಿಗೆ ಅಡ್ಜಸ್ಟ್ ಆಗುತ್ತೆ" ಅಂದಳು.

"ನನಗೆ ಈಗಲೇ ದುಡ್ಡು ಬೇಕಮ್ಮಾ."

"ಅರ್ಜೆಂಟ್ ಇದ್ರೆ ನಿಮ್ಮ ಕಾರ್ಡ್ ಮೇಲೆ ಎರಡು ಲಕ್ಷದವರೆಗೆ ಪ್ರೀ ಅಪ್ರೂವ್ಡ್ ಲೋನ್ ಇದೆ ಸರ್."

ನನ್ನ ದುಡ್ಡು ನನಗೆ ಕೊಡಿ ಅಂದವನಿಗೆ ಸಾಲ ಕೊಡುತ್ತೇವೆ ಅನ್ನುವ ಧೈರ್ಯ ಯಾವ ಲೇವಾದೇವಿಯವನಿಗೂ ಇರಲಿಕ್ಕಿಲ್ಲ. ಪದ್ಮಕ್ಕ ಫೋನ್ ಕಸಿದುಕೊಂಡರು. "ನೋಡಮ್ಮ, ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಗ್ರಾಹಕ ಕೇಳಿದ್ರೆ ಕಾರ್ಡಿನಲ್ಲಿರೋ ಹೆಚ್ಚಿನ ಮೊತ್ತವನ್ನ ಮೂರು ಕೆಲಸದ ದಿನದೊಳಗೆ ಅವರ ಬ್ಯಾಂಕ್ ಖಾತೆಗೆ ಹಾಕಬೇಕು. ನಾವು ಕೇಳ್ತಾ ಇದ್ದೀವಿ. ರಿಕ್ವೆಸ್ಟ್ ನಂಬರ್ ಕೊಡು."

ನಂಬರ್ ಬಂತು. ಮಂಡಕ್ಕಿ ಪೊಟ್ಟಣದ ಪೇಪರಿನ ಮೇಲೆ ಬರೆದುಕೊಂಡೆವು. ಅದೇ ವಿಷಯವನ್ನು ಬ್ಯಾಂಕಿಗೆ ಇಮೇಲ್ ಕೂಡ ಹಾಕಿಸಿದರು ಪದ್ಮಕ್ಕ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ ಎಂಬುದು ಆಡಿಟರ್ ಆಫೀಸಿನವರ ಗಾಯತ್ರಿ ಮಂತ್ರ. ದುಡ್ಡು ಬೇರೆ ಬ್ಯಾಂಕಿನ ಖಾತೆಗೆ ಹೋಗಬೇಕಾದರೆ ಕ್ಯಾನ್ಸಲ್ ಮಾಡಿದ ಚೆಕ್ ಕೇಳಬಹುದಂತೆ. 30 ದಿನ ಕಳೆದರೂ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿಗೆ, ಆನ್‌ಲೈನಿನಲ್ಲೇ ದೂರು ಕೊಡಬಹುದಂತೆ, ಶುಲ್ಕವಿಲ್ಲ.

"ಮೂರು ದಿನ ಅಂದ್ರೆ ಸೋಮವಾರ ಬಂತು," ಅಂದರು ಶೆಟ್ರು, ಉಸಿರು ಬಿಟ್ಟು.

"ಕೆಲಸದ ದಿನ," ಅಂದರು ಮೇಷ್ಟ್ರು. ಈ ಗಳಿಗೆಗಾಗಿಯೇ ಕಾದಿದ್ದವರಂತೆ ಬೆರಳು ಮಡಚಿದರು. "ನಾಳೆ ಎರಡನೇ ಶನಿವಾರ, ರಜ. ನಾಡಿದ್ದು ಭಾನುವಾರ. ಸೋಮ ಒಂದು, ಮಂಗಳ ಎರಡು, ಬುಧ ಮೂರು. ಕಂತು ಸೋಮವಾರ."

ಯಾರೂ ಮಾತಾಡಲಿಲ್ಲ. ಬಾಣಲೆ ಮಾತ್ರ ಚುರ್ ಅನ್ನುತ್ತಿತ್ತು.

ಬ್ಯಾಂಕಿನ ಸಾಹುಕಾರರು ಕೊನೆಗೆ ಮೇಷ್ಟ್ರ ಹತ್ತಿರ ಕೈಗಡ ತೆಗೆದುಕೊಂಡರು. ಮೇಷ್ಟ್ರ ಬಳಿ ಕೈಗಡ ಸಿಗುವುದು ಎಷ್ಟು ಕಷ್ಟ ಎಂದು ಊರಿಗೇ ಗೊತ್ತು. ಅವರು ಲೆಕ್ಕ ಕಲಿಸಿದ್ದು ಮಕ್ಕಳಿಗೆ, ಬದುಕಿದ್ದೂ ಅದರಂತೆಯೇ. "ಬ್ಯಾಂಕಿಗೆ ಮೂರೂವರೆ ಅಂದಿರಿ. ನನಗೆಷ್ಟು?" ಎಂದು ಒಂದು ಸಲ ಕೇಳಿ, ಶೆಟ್ರು ಬೆವರುವುದನ್ನು ಕಣ್ತುಂಬ ನೋಡಿ, ಆಮೇಲೆ ಕೊಟ್ಟರು.

ಬುಧವಾರ ಮಧ್ಯಾಹ್ನ ದುಡ್ಡು ಬಂತು. ಮೇಷ್ಟ್ರ ಕೈಗಡ ಸಂಜೆಯೇ ತೀರಿತು. ಶೆಟ್ರು ಸೀನನಿಂದ ಆಟೋಪೇ ಹಾಕಿಸಿಕೊಂಡರು. ಇನ್ನು ಸೊನ್ನೆ ಒತ್ತುವ ಗೋಜೇ ಇಲ್ಲ, ಬಿಲ್ಲು ಎಷ್ಟಿದೆಯೋ ಅಷ್ಟು ತಾನಾಗಿ ಹೋಗುತ್ತದೆ.

ಮುಂದಿನ ತಿಂಗಳು ಅದೇ ಬೆಂಚಿನಲ್ಲಿ ಶೆಟ್ರು ಎಲ್ಲರಿಗೂ ಆಟೋಪೇ ಮಹಿಮೆ ಹೇಳುತ್ತಿದ್ದರು. ಪದ್ಮಕ್ಕ ತಲೆಯಾಡಿಸುತ್ತಾ, "ಒಳ್ಳೇದೇ. ಆದ್ರೆ ಅದು ಹೋಗೋ ಹಿಂದಿನ ದಿನ ನೀವೂ ಕಟ್ಟಬಾರದು ಅಷ್ಟೇ. ಎಷ್ಟೋ ಸಲ ಆಟೋಪೇ ಲೆಕ್ಕ ಬ್ಯಾಂಕಿಗೆ ಮುಂಚೆನೇ ಹೋಗಿರುತ್ತೆ, ಎರಡು ಸಲ ಕಟ್ ಆಗುತ್ತೆ" ಅಂದರು.

ಶೆಟ್ರು ಮಿರ್ಚಿ ಕಚ್ಚುತ್ತಿದ್ದವರು ಅಲ್ಲೇ ನಿಂತರು.

"ಯಾಕೆ ಶೆಟ್ರೇ?"

"ಇವತ್ತು ಬೆಳಿಗ್ಗೆ... ಮರೆತು ಹೋಗೋದು ಬೇಡ ಅಂತ..."

"ಆಟೋಪೇ ಯಾವತ್ತು?"

"ನಾಳೆ."

ಸೀನ ಮಂಡಕ್ಕಿಯವನಿಗೆ ಕೂಗಿ ಹೇಳಿದ, "ಅಣ್ಣಾ, ಇನ್ನೊಂದು ಪ್ಲೇಟು. ಪೊಟ್ಟಣದ ಪೇಪರ್ ಸ್ವಲ್ಪ ದೊಡ್ಡದು ಕೊಡು, ನಂಬರ್ ಬರ್ಕೋಬೇಕು!"