ಉಯಿಲು ಇದ್ದ ಮೇಲೂ ಸ್ಪೇನಿನ ಗದ್ದುಗೆಗಾಗಿ ಯುದ್ಧವೇಕೆ?

ಪ್ರಶ್ನೆ:
ಸ್ಪೇನಿನ ದೊರೆ ಎರಡನೇ ಕಾರ್ಲೋಸ್ 1700ರ ನವೆಂಬರ್ 1ರಂದು ಮಕ್ಕಳಿಲ್ಲದೆ ತೀರಿಕೊಂಡ. ಒಂದು ತಿಂಗಳ ಹಿಂದಷ್ಟೇ ಉಯಿಲು ಬರೆದು, ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಮೊಮ್ಮಗ ಫಿಲಿಪ್‌ಗೆ ಇಡೀ ಸಾಮ್ರಾಜ್ಯವನ್ನು ಬಿಟ್ಟುಕೊಟ್ಟಿದ್ದ. ಇಂಗ್ಲೆಂಡ್ ಮತ್ತು ಡಚ್ಚರು ಫಿಲಿಪ್‌ನನ್ನು ಒಪ್ಪಿಕೊಂಡೂ ಇದ್ದರು. ಹಾಗಿದ್ದರೆ ಕದನ ಯಾಕೆ?

ಉತ್ತರ 1:
ಲೂಯಿಯ ಪತ್ನಿ ಮರಿಯಾ ತೆರೇಸಾ ಸ್ಪೇನಿನ ರಾಜಕುಮಾರಿ. 1660ರಲ್ಲಿ ಮದುವೆಯಾದಾಗಲೇ ತವರಿನ ಗದ್ದುಗೆಯ ಹಕ್ಕನ್ನು ತೊರೆದಿದ್ದಳು. ಅವಳಿಗಿಲ್ಲದ ಹಕ್ಕು ಮೊಮ್ಮಗನಿಗೆ ಎಲ್ಲಿಂದ ಬರಬೇಕು ಎಂಬುದು, ಕಾರ್ಲೋಸ್‌ನ ಹ್ಯಾಬ್ಸ್‌ಬರ್ಗ್ ವಂಶದವರೇ ಆಳುತ್ತಿದ್ದ, ಗದ್ದುಗೆ ತಮಗೇ ಸೇರಬೇಕೆನ್ನುತ್ತಿದ್ದ ಆಸ್ಟ್ರಿಯಾದ ವಾದ.

ಉತ್ತರ 2:
ಆಸ್ಟ್ರಿಯಾದವರು ಅರ್ಧ ಕಥೆ ಹೇಳುತ್ತಿದ್ದರು. ಆ ಹಕ್ಕಿಗೆ ಬದಲಾಗಿ ಸ್ಪೇನ್ 5 ಲಕ್ಷ ಚಿನ್ನದ ಎಸ್ಕುಡೊ ವರದಕ್ಷಿಣೆ ಕೊಡಬೇಕಿತ್ತು. ಬೊಕ್ಕಸ ಬರಿದಾಗಿತ್ತು, ಹಣ ಸಲ್ಲಲೇ ಇಲ್ಲ. ಹಣವೇ ಬಾರದ ಮೇಲೆ ಹಕ್ಕು ಹೋದದ್ದು ಹೇಗೆ ಎಂದು ಫ್ರಾನ್ಸ್ ಕೇಳಿದ್ದರಲ್ಲಿ ನನಗೆ ಹುರುಳು ಕಾಣುತ್ತದೆ.

ಆದರೆ ಡಚ್ಚರಿಗೆ ಈ ಸಂಬಂಧಿಕರ ವ್ಯಾಜ್ಯದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವರು ಫಿಲಿಪ್‌ನನ್ನು ಒಪ್ಪಿಕೊಂಡರು ಎನ್ನುತ್ತೀರಿ. ಹೇಗೆ ಒಪ್ಪಿಕೊಂಡರು ನೋಡಿ. ಸ್ಪೇನಿನ ವಶದಲ್ಲಿದ್ದ ನೆದರ್ಲೆಂಡ್ಸ್‌ನ (ಹೆಚ್ಚುಕಡಿಮೆ ಇಂದಿನ ಬೆಲ್ಜಿಯಂ) ಗಡಿಕೋಟೆಗಳಲ್ಲಿ ಡಚ್ ಕಾವಲು ಪಡೆಗಳಿದ್ದವು. 1701ರ ಫೆಬ್ರವರಿಯಲ್ಲಿ ಲೂಯಿಯ ಸೈನ್ಯ ಅಲ್ಲಿಗೆ ನುಗ್ಗಿತು. ಅಲ್ಲಿನ ರಾಜ್ಯಪಾಲ ಮ್ಯಾಕ್ಸ್ ಎಮಾನುಯೆಲ್ ತಡೆಯುವುದಿರಲಿ, ಒಳಗೊಳಗೇ ಕೈಜೋಡಿಸಿದ್ದ. ಸೈನಿಕರು ಸಿಕ್ಕಿಬಿದ್ದ ಮೇಲೆ ಡಚ್ಚರು ಬೇರೆ ದಾರಿಯಿಲ್ಲದೆ ತಲೆಯಾಡಿಸಿದರು. ಸಾಲದೆಂಬಂತೆ ಫಿಲಿಪ್‌ಗೆ ಫ್ರಾನ್ಸಿನ ಪಟ್ಟದ ಹಕ್ಕೂ ಉಳಿದಿದೆ ಎಂದು ಲೂಯಿ ಸಾರಿದ. ಸ್ಪೇನಿನ ಅಮೆರಿಕನ್ ವಸಾಹತುಗಳಿಗೆ ಗುಲಾಮರನ್ನು ಸಾಗಿಸುವ ಗುತ್ತಿಗೆಯೂ ಫ್ರೆಂಚ್ ಕಂಪನಿಗೇ ಹೋಯಿತು. ಉಯಿಲನ್ನು ನುಂಗಿಕೊಳ್ಳಬಹುದಿತ್ತು, ಈ ದರ್ಪವನ್ನಲ್ಲ.

ಪ್ರಶ್ನೆ ಕೇಳಿದವರು:
ಸರಿ, ಆದರೆ ಕೊನೆಗೆ ಸ್ಪೇನ್ ಫಿಲಿಪ್‌ಗೇ ಉಳಿಯಿತಲ್ಲ? ಬ್ಲೆನ್‌ಹೈಮ್, ರಾಮಿಯಿ ಕದನಗಳಲ್ಲಿ ಗೆದ್ದವರು ಫ್ರಾನ್ಸಿನ ಎದುರಾಳಿಗಳಾದ ಇಂಗ್ಲೆಂಡ್, ಡಚ್ಚರು, ಆಸ್ಟ್ರಿಯಾದ ಮಿತ್ರಪಕ್ಷವೇ ಅಲ್ಲವೇ?

ಉತ್ತರ 2:
ಅದಕ್ಕೆ ಸಿಡುಬು ಕಾರಣ. 1711ರ ಏಪ್ರಿಲ್‌ನಲ್ಲಿ ಚಕ್ರವರ್ತಿ ಒಂದನೇ ಜೋಸೆಫ್ ಸಿಡುಬಿನಿಂದ ಸತ್ತ. ಮಿತ್ರಪಕ್ಷಗಳು ಸ್ಪೇನಿನ ದೊರೆಯೆಂದು ಎತ್ತಿ ಹಿಡಿದಿದ್ದ ಅವನ ತಮ್ಮ ಚಾರ್ಲ್ಸ್‌ಗೆ ಆಸ್ಟ್ರಿಯಾವೂ ಬಂತು. ಅವನನ್ನು ಮ್ಯಾಡ್ರಿಡ್‌ನಲ್ಲಿ ಕೂರಿಸಿದರೆ ಮತ್ತೆ ಒಬ್ಬನೇ ಮನುಷ್ಯನ ಕೈಯಲ್ಲಿ ಅರ್ಧ ಯುರೋಪ್! ಆಗಲೇ ಗುಟ್ಟಾಗಿ ಫ್ರಾನ್ಸಿನೊಂದಿಗೆ ಮಾತಿಗಿಳಿದಿದ್ದ ಬ್ರಿಟನ್‌ಗೆ ಇದು ಒಳ್ಳೆಯ ನೆಪವಾಯಿತು. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಫಿಲಿಪ್ ಸ್ಪೇನನ್ನು ಉಳಿಸಿಕೊಂಡು ಫ್ರಾನ್ಸಿನ ಹಕ್ಕು ಬಿಟ್ಟ. ಬ್ರಿಟನ್‌ಗೆ ಜಿಬ್ರಾಲ್ಟರ್, ಮಿನೋರ್ಕಾ, ಜೊತೆಗೆ ಅದೇ ಗುಲಾಮರ ಗುತ್ತಿಗೆ, 30 ವರ್ಷಕ್ಕೆ.

ಉತ್ತರ 3:
ಸ್ಪೇನಿನ ಈಶಾನ್ಯ ಭಾಗದ ಕೆಟಲೋನಿಯಾದವರನ್ನು ಮರೆತಿರಿ. ಚಾರ್ಲ್ಸ್ ಪರ ನಿಂತರೆ ನಿಮ್ಮ ಹಕ್ಕುಗಳನ್ನು ಕಾಯುತ್ತೇವೆ ಎಂದು 1705ರಲ್ಲಿ ಇಂಗ್ಲೆಂಡ್ ಅವರಿಗೆ ಮಾತು ಕೊಟ್ಟಿತ್ತು. ಉಟ್ರೆಕ್ಟ್ ಆದ ಮೇಲೂ ಅವರ ಬಾರ್ಸಿಲೋನಾ ನಗರ ಒಂಟಿಯಾಗಿ ಕಾದಾಡಿ 1714ರ ಸೆಪ್ಟೆಂಬರ್ 11ರಂದು ಬಿತ್ತು. ಅಲ್ಲಿನ ಪ್ರತಿನಿಧಿ ಸಭೆಯನ್ನೂ ಹಳೆಯ ಆಡಳಿತ ಸಂಸ್ಥೆಗಳನ್ನೂ ಫಿಲಿಪ್ ರದ್ದುಮಾಡಿದ.