‘ಸ್ಕಿಪ್’ ಆದ ಟೆಸ್ಟ್‌ಗೆ ಏನನ್ನೋಣ? ಗೈರು, ಮಾಫಿ, ನೋಡಿಲ್ಲ

ಗೆಳೆಯರೆ, ನಮಸ್ಕಾರ. ಕಲಬುರಗಿಯಿಂದ ಒಂದು ಪದದ ತಕರಾರು.

ಇಲ್ಲಿನ ಕೆಲವು ಕಾಲೇಜು ಹುಡುಗರಿಗಾಗಿ ಲಿನಕ್ಸ್ ಕರ್ನಲ್‌ನ (ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳು) ಟೆಸ್ಟ್‌ಗಳನ್ನು ಓಡಿಸುವುದು ಹೇಗೆ ಅಂತ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಟೆಸ್ಟ್, ಪಾಸ್, ಫೇಲ್ ಹಾಗೇ ಇಟ್ಟಿದ್ದೇನೆ. ಎಸ್ಸೆಸ್ಸೆಲ್ಸಿ ಬರೆದವರಿಗೆಲ್ಲ ಅವು ಕನ್ನಡವೇ ಅಲ್ವಾ? ಸಿಕ್ಕಿಬಿದ್ದದ್ದು ‘ಸ್ಕಿಪ್’ನಲ್ಲಿ.

ಕರ್ನಲ್ ಜೊತೆಗೇ ಬರುವ ಕೆಸೆಲ್ಫ್‌ಟೆಸ್ಟ್ ಅನ್ನುವ ಟೆಸ್ಟ್ ಗಂಟಿನಲ್ಲಿ ಒಂದು ಟೆಸ್ಟ್ ಮುಗಿದಾಗ 0 ಬಂದರೆ ಪಾಸ್, 1 ಬಂದರೆ ಫೇಲ್, 4 ಬಂದರೆ ಸ್ಕಿಪ್. ಬೇಕಾದ ಹಾರ್ಡ್‌ವೇರ್ ಇಲ್ಲ, ಕಾನ್ಫಿಗ್‌ನಲ್ಲಿ (ಕರ್ನಲ್‌ನ ಸೆಟ್ಟಿಂಗ್) ಆ ಸೌಲಭ್ಯ ಆನ್ ಆಗಿಲ್ಲ, ಓಡಿಸಿದವರಿಗೆ ರೂಟ್ ಅಧಿಕಾರ, ಅಂದರೆ ಮಷಿನ್ ಮೇಲಿನ ಪೂರ್ತಿ ಅಧಿಕಾರ, ಇಲ್ಲ. ಇಂಥ ಕಾರಣಕ್ಕೆ ಟೆಸ್ಟ್ ತಾನೇ ಹಿಂದೆ ಸರಿಯುತ್ತದೆ. ಎಡವಟ್ಟು ಇರುವುದು ವರದಿಯಲ್ಲಿ. ಅದು ‘ಟ್ಯಾಪ್’ ಅನ್ನುವ ನಮೂನೆಯಲ್ಲಿ ಬರುತ್ತದೆ. ಅಲ್ಲಿ ಸ್ಕಿಪ್ ಆದ ಸಾಲೂ ‘ಓಕೆ’ ಅಂತಲೇ ಶುರು! ಸ್ಕಿಪ್ ಅನ್ನುವ ಮಾತು, ಅದರ ಕಾರಣ, ಎರಡೂ ಸಾಲಿನ ಬಾಲದಲ್ಲಿ ಹ್ಯಾಶ್ ಗುರುತಿನ ಆಚೆ. ಒಬ್ಬ ಹುಡುಗ ರೂಟ್ ಇಲ್ಲದೆ ಓಡಿಸಿ, “ಎಲ್ಲಾ ಓಕೆ ಬಂದಾವ್ರಿ ಸರ್, ಒಂದೂ ಫೇಲ್ ಇಲ್ಲ” ಅಂತ ಖುಷಿಯಿಂದ ತೋರಿಸಿದ. ಅರ್ಧಕ್ಕಿಂತ ಜಾಸ್ತಿ ಓಡಿರಲೇ ಇಲ್ಲ.

ಮೊದಲು ಹೊಳೆದದ್ದು ‘ಗೈರು’. ಆದರೆ ಗೈರು ಅಂದರೆ ಬರಬೇಕಾದವರು ಬಂದಿಲ್ಲ. ಇಲ್ಲಿ ಟೆಸ್ಟ್ ಬಂದಿದೆ, ಇಣುಕಿದೆ, ತನಗಿಲ್ಲಿ ಕೆಲಸವಿಲ್ಲ ಅಂತ ವಾಪಸ್ ಹೋಗಿದೆ. ‘ಮಾಫಿ’ ನಮ್ಮ ಕಡೆ ನಾಲಿಗೆಗೆ ಸಲೀಸು, ಆದರೆ ಮಾಫಿ ಅಂದ ಕೂಡಲೇ ಯಾರದೋ ತಪ್ಪು ಇತ್ತು ಅನಿಸುತ್ತದೆ. ‘ಬಿಟ್ಟಿದೆ’ ಅಂದರೆ ಮರೆತು ಬಿಟ್ಟದ್ದೋ, ಬೇಕಂತಲೇ ಬಿಟ್ಟದ್ದೋ ಗೊತ್ತಾಗಲ್ಲ. ‘ವಿನಾಯಿತಿ’ ಬೇಡ, ಸುಮ್ನೆ ಸರ್ಕಾರಿ ಸುತ್ತೋಲೆ ಓದಿದಂತಾಗುತ್ತದೆ.

ಮೊನ್ನೆ ಗಂಜ್‌ನಲ್ಲಿ ತೊಗರಿ ಚೀಲಗಳ ಮುಂದೆ ನಿಂತಿದ್ದೆ. ಒಬ್ಬರು ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಕಾಳು ಅಂಗೈಗೆ ಸುರಿದುಕೊಂಡು ಹೇಳುತ್ತಿದ್ದರು: “ಇವು ಛಲೋ ಅವ. ಇದು ಖರಾಬ್. ಅವು ನೋಡಿಲ್ಲ.” ನೋಡದ ಚೀಲವನ್ನು ಅವರು ಛಲೋ ಲೆಕ್ಕಕ್ಕೆ ಸೇರಿಸಲಿಲ್ಲ. ಟ್ಯಾಪ್ ನಮೂನೆ ಮಾಡಿದವರಿಗೆ ಇದು ಹೊಳೆಯಲಿಲ್ಲ ನೋಡಿ!

‘ನೋಡಿಲ್ಲ’ದ ಮುಂದೆ ಕಾರಣವೂ ಸಲೀಸಾಗಿ ಕೂರುತ್ತದೆ: “ನೋಡಿಲ್ಲ, ರೂಟ್ ಇಲ್ಲ.” ನನಗಂತೂ ಹಿಡಿಸಿದೆ.

ಆದರೆ ಎಲ್‌ಟಿಪಿ ಅನ್ನುವ ಇನ್ನೊಂದು ಟೆಸ್ಟ್ ಗಂಟಿನಲ್ಲಿ ಎರಡು ಬೇರೆ ಬೇರೆ ಫಲಿತಾಂಶ ಇವೆ. ಟಿಕಾನ್ಫ್ ಅಂದರೆ ಈ ಮಷಿನ್‌ಗೆ ಆ ಟೆಸ್ಟ್ ಹೊಂದುವುದಿಲ್ಲ. ಟಿಬ್ರೋಕ್ ಅಂದರೆ ತಯಾರಿಯಲ್ಲೇ ಏನೋ ಕೆಟ್ಟಿತು, ಪರೀಕ್ಷಾ ಕೇಂದ್ರಕ್ಕೆ ಪ್ರಶ್ನೆಪತ್ರಿಕೆಯೇ ಬರದ ಹಾಗೆ. ಮೊದಲನೆಯದಕ್ಕೆ ‘ನೋಡಿಲ್ಲ’, ಎರಡನೆಯದಕ್ಕೆ ‘ನೋಡಲು ಆಗಲಿಲ್ಲ’ ಅಂದರೆ ಫರಕು ಸಾಕೇ? ‘ನೋಡಿಲ್ಲ’ ಅಂದಾಗ ಯಾರೋ ಸೋಮಾರಿತನ ಮಾಡಿದರು ಅಂತ ನಿಮ್ಮ ಕಿವಿಗೆ ಕೇಳಿಸುತ್ತಾ?

ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗೆ ‘ಮರ್ಜಿ ಟೆಸ್ಟ್’ ಅಂತ ಆಗಲೇ ಬರೆದುಬಿಟ್ಟಿದ್ದೇನೆ. ಅದರ ಬಗ್ಗೆ ಜಗಳ ಬೇಡ. ಬೀದರ್, ಯಾದಗಿರಿ ಕಡೆಯವರು ಎಣಿಸುವಾಗ ಬದಿಗಿಟ್ಟ ಮಾಲಿಗೆ ಏನಂತೀರಿ, ಅದನ್ನು ತಿಳಿಸಿ.